ತೆರೆಯದ ಕಾರ್ಡು



ನಮ್ಮ ಧರ್ಮಕೇಂದ್ರದಿಂದ ತಿರುಪ್ಪೂರು ಜಿಲ್ಲೆಯ ವೆಳ್ಳಕೋಯಿಲ್‌ಗೆ ವಿದ್ಯುತ್ ಮಗ್ಗದ ಕೆಲಸಕ್ಕೆ ಹೋಗಿ ನೆಲೆಸಿದ ಕುಟುಂಬವೊಂದು ಕ್ರಿಸ್ಮಸ್ ಹಬ್ಬಕ್ಕೆ ಊರಿಗೆ ಬಂದಿತ್ತು. ಪೂಜೆ ಮುಗಿದ ಮೇಲೆ ತಾಯಿ ಪರ್ಸಿನಿಂದ ಮೆಮೊರಿ ಕಾರ್ಡೊಂದನ್ನು ತೆಗೆದು ನಮ್ಮ ಕೈಗಿತ್ತರು. “ಸ್ವಾಮಿ, ಚಿಕ್ಕವಳ ಮೊದಲ ಪರಮಪ್ರಸಾದದ ಫೋಟೋ ಎಲ್ಲಾ ಇದರಲ್ಲೇ ಇವೆ. ತೀರಿಕೊಂಡ ಅತ್ತೆಯವರ ಕೊನೇ ಫೋಟೋನೂ ಇದರಲ್ಲೇ. ಮನೇ ಲ್ಯಾಪ್‌ಟಾಪಿನಲ್ಲಿ ತೆರೀತಾನೇ ಇಲ್ಲ.” ಕ್ಯಾಮೆರಾ ಎರವಲಿನದು, ಹಿಂದಿರುಗಿಸಿ ಆಗಿತ್ತು. ಅಂಗಡಿಯೊಂದರಲ್ಲಿ ‘ಕಾರ್ಡು ಹೋಗಿದೆ, ಫಾರ್ಮ್ಯಾಟ್ ಮಾಡಿ’ ಎಂದಿದ್ದರಂತೆ. ಮಾಡದೆ ಹಾಗೇ ಇಟ್ಟುಕೊಂಡದ್ದು ಆ ತಾಯಿಯ ಜಾಣತನ.

ಲ್ಯಾಪ್‌ಟಾಪ್, ತಮಿಳುನಾಡು ಸರ್ಕಾರ 2011ರಲ್ಲಿ ಆರಂಭಿಸಿದ ಯೋಜನೆಯಡಿ ಮಗನಿಗೆ ಶಾಲೆಯಲ್ಲಿ ಉಚಿತವಾಗಿ ಸಿಕ್ಕಿದ್ದು. ಅವನು ಬಳಸುವುದು ಅದರಲ್ಲಿದ್ದ ‘ಬಾಸ್’. ನಮ್ಮ ದೇಶದ ಸಿಡಾಕ್ ಸಂಸ್ಥೆ ರೂಪಿಸಿದ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಲಿನಕ್ಸ್.

ಕಾರ್ಡಿನ ಮೇಲೆ 64 ಜಿಬಿ ಎಂದಿರುವುದನ್ನು ನೋಡಿದಾಗಲೇ ನಮಗೆ ಅನುಮಾನ ಬಂತು. 32 ಜಿಬಿವರೆಗಿನ ಕಾರ್ಡುಗಳು ಸಾಮಾನ್ಯವಾಗಿ ‘ಫ್ಯಾಟ್ 32’ ನಮೂನೆಯಲ್ಲಿ ಬರುತ್ತವೆ. ಅದಕ್ಕಿಂತ ದೊಡ್ಡವು ‘ಎಕ್ಸ್‌ಫ್ಯಾಟ್’ನಲ್ಲಿ. ಈ ಎರಡನೆಯದು ಮೈಕ್ರೋಸಾಫ್ಟಿನದು. ಅದರ ಪೂರ್ಣ ವಿವರವನ್ನು ಕಂಪನಿ ಪ್ರಕಟಿಸಿದ್ದು 2019ರ ಆಗಸ್ಟ್‌ನಲ್ಲಿ. ಲಿನಕ್ಸಿನ ತಿರುಳಿಗೆ ಅದು ಸೇರಿದ್ದು ಅದೇ ನವೆಂಬರ್‌ನ 5.4ನೇ ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯ ಲಿನಕ್ಸಿಗೆ ಬೇರೆ ತಂತ್ರಾಂಶ ಸೇರಿಸದ ಹೊರತು ಆ ಬರಹ ಓದಲು ಬಾರದು. ಕನ್ನಡ ಬಾರದವನ ಕೈಗೆ ಕನ್ನಡ ಪತ್ರ ಕೊಟ್ಟಂತೆ. ಪತ್ರದಲ್ಲಿ ದೋಷವಿಲ್ಲ.

ನಮ್ಮ ಕಚೇರಿಯ ಹೊಸ ಲಿನಕ್ಸಿಗೆ ಹಾಕಿದೆವು. ಬಿಳಿ ಲಂಗದ ಹುಡುಗಿ, ಪಕ್ಕದಲ್ಲಿ ಜಪಮಾಲೆ ಹಿಡಿದ ಅಜ್ಜಿ. ತಾಯಿ ಮಾತಾಡಲಿಲ್ಲ, ತೆರೆಯನ್ನೇ ಮುಟ್ಟಿ ನೋಡಿದರು.

ಎಲ್ಲ ಕಾರ್ಡುಗಳಿಗೂ ಈ ಭಾಗ್ಯವಿಲ್ಲ. ಪ್ರತಿ ಮಾಡುವಾಗ ಕಂಪ್ಯೂಟರ್ ಮಾಹಿತಿಯನ್ನು ಮೊದಲು ತನ್ನ ನೆನಪಿನಲ್ಲಿಟ್ಟುಕೊಂಡು ಆಮೇಲೆ ಕಾರ್ಡಿಗೆ ಬರೆಯುವುದುಂಟು. ‘ಮುಗಿಯಿತು’ ಎಂದು ಕಂಡರೂ ಒಳಗೆ ಬರವಣಿಗೆ ನಡೆದಿರುತ್ತದೆ. ಅದಕ್ಕೇ ‘ಅನ್‌ಮೌಂಟ್’ ಅಥವಾ ‘ಇಜೆಕ್ಟ್’ ಒತ್ತಿ, ತೆಗೆಯಬಹುದೆಂಬ ಸೂಚನೆ ಬಂದ ಮೇಲೆಯೇ ಕೀಳಬೇಕು. ನಮ್ಮ ಯುವಕರಿಗೆ ಈ ತಾಳ್ಮೆ ಕಡಿಮೆ! ಅವಸರದಲ್ಲಿ ಕಿತ್ತು ಪಟ್ಟಿ ಕೆಟ್ಟರೂ ಫೋಟೋಗಳು ಒಳಗೆ ಉಳಿದಿರಬಹುದು. ಅದೇ ಕಾರ್ಡಿನಲ್ಲಿ ಹೊಸ ಫೋಟೋ ತೆಗೆಯಬೇಡಿ. ಹಳೆಯದರ ಮೇಲೆ ಹೊಸದು ಬಿದ್ದರೆ ಮುಗಿಯಿತು. ‘ಫೋಟೋರೆಕ್’ ಎಂಬ ಉಚಿತ ಮುಕ್ತ ತಂತ್ರಾಂಶ ಪಟ್ಟಿಯ ಗೊಡವೆಗೆ ಹೋಗದೆ ಚಿತ್ರಗಳನ್ನೇ ಹುಡುಕುತ್ತದೆ. ಹೆಸರುಗಳು ಹೋಗುತ್ತವೆ, ಮುಖಗಳು ಸಿಗುತ್ತವೆ. ಸಿಕ್ಕಿದ್ದನ್ನು ಬೇರೆ ಡಿಸ್ಕಿನಲ್ಲಿ ಉಳಿಸಬೇಕು.

ಆ ಕುಟುಂಬದ ಫೋಟೋಗಳನ್ನು ಎರಡು ಕಡೆ ಪ್ರತಿ ಮಾಡಿ ಕೊಟ್ಟೆವು. ಮಗ ಈಸ್ಟರ್‌ಗೆ ಬರುವಾಗ ಹೊಸ ಲಿನಕ್ಸ್ ಹಾಕಿಸಿಕೊಳ್ಳಲು ಲ್ಯಾಪ್‌ಟಾಪನ್ನೂ ತರುವನಂತೆ.