ಉಳಿದವರಿಗೊಂದು ಊರು

ನಾನು ಕಲಬುರಗಿ ಬಿಡುತ್ತೇನೆಂಬ ಸುದ್ದಿ ನೆಹರು ಗಂಜಿನಲ್ಲಿ ಒಂದು ಅಡತಿ ಅಂಗಡಿಯಿಂದ ಇನ್ನೊಂದಕ್ಕೆ ಹರಿದು, ಅಲ್ಲಿಂದ ಪುಣೆ, ಹೈದರಾಬಾದು, ಬೆಂಗಳೂರುಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳವರೆಗೂ ತಲುಪಿದೆ. "ಸರ್, ಊರು ಬಿಡ್ತೀರಂತಲ್ರಿ, ಖರೇ ಏನ್ರಿ?" ಎಂದು ಫೋನಿನಲ್ಲಿ ಕೇಳುವವರು ದಿನಕ್ಕೊಬ್ಬರು. ಬಂಧುಗಳಂತೂ ಯಾವ ಊರಿಗೆ ಹೋಗಬೇಕೆಂಬುದನ್ನು ತಾವೇ ತೀರ್ಮಾನಿಸಿಬಿಟ್ಟಿದ್ದಾರೆ. ತೊಂದರೆಯೆಂದರೆ ಒಬ್ಬೊಬ್ಬರು ಒಂದೊಂದು ಊರು ಹೇಳುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಇಲ್ಲಿಯೇ ವಿವರವಾಗಿ ಬರೆಯುವುದು ಲೇಸೆಂದು ತೋರಿತು. ನಿವೃತ್ತರಾಗಿ, ಮಕ್ಕಳು ದೂರವಾಗಿ, ಇದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕುಳಿತಿರುವ ಹಿರಿಯರು ನಿಮ್ಮ ಮನೆಗಳಲ್ಲಿಯೂ ಇದ್ದಾರು. ಅವರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ನಮ್ಮ ಮನೆಯ ಸ್ಥಿತಿ. ಮಗ ಬೆಂಗಳೂರಿನಲ್ಲಿ, ಮಗಳು ಮೈಸೂರಿನಲ್ಲಿ. ಗಂಜಿನ ಹಿಂದಿನ ಓಣಿಯ ಮನೆಯಲ್ಲಿ ನಾವಿಬ್ಬರೇ. ಎರಡು ವರ್ಷಗಳ ಹಿಂದೆ ನನ್ನ ಮಡದಿಗೆ ಹೃದಯದ ತೊಂದರೆ ಕಾಣಿಸಿಕೊಂಡಿತು. ಔಷಧದಿಂದ ಹತೋಟಿಗೆ ಬಂದಿದೆಯಾದರೂ, ಬೇಸಿಗೆಯಲ್ಲಿ ಆಕೆಯನ್ನು ಬಿಸಿಲಿಗೆ ಬಿಡಬಾರದೆಂಬುದು ವೈದ್ಯರ ಮಾತು. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮೂರಿನ ಬಿಸಿಲು 42 ಡಿಗ್ರಿ ಮುಟ್ಟುವುದು ಹೊಸತೇನಲ್ಲ. ಕೂಲರಿನ ಮುಂದೆ ಎರಡು ತಿಂಗಳು ಕುಳಿತಿರುವುದು ಬದುಕಲ್ಲವಷ್ಟೆ. ಹೀಗೆ ಊರು ಹುಡುಕುವ ಕೆಲಸ ಆರಂಭವಾಯಿತು.

ಬೆಂಗಳೂರು ಬೇಡವೆಂಬುದರಲ್ಲಿ ನಮ್ಮಿಬ್ಬರಿಗೂ ಒಮ್ಮತವಿತ್ತು. ಮಗನ ಮನೆ ಒಂಬತ್ತನೆಯ ಅಂತಸ್ತಿನಲ್ಲಿದೆ. ಅಲ್ಲಿಂದ ಇಳಿದು ತರಕಾರಿ ತರುವುದೇ ಒಂದು ಪ್ರಯಾಣ. ನಮಗೆ ಬೇಕಾದುದು ಮಧ್ಯಮ ಗಾತ್ರದ ಊರು: ದೊಡ್ಡ ದವಾಖಾನೆಗಳಿರುವಷ್ಟು ದೊಡ್ಡದು, ಸಂಜೆ ನಡೆದು ಮನೆಗೆ ಮರಳಬಹುದಾದಷ್ಟು ಚಿಕ್ಕದು. ಮೈಸೂರು, ಧಾರವಾಡ, ಬೆಳಗಾವಿ, ಮಂಗಳೂರು ಎಂದು ನಾಲ್ಕು ಹೆಸರು ಬರೆದುಕೊಂಡೆ. ಐದನೆಯದಾಗಿ ನನ್ನ ಹುಟ್ಟೂರಾದ ಕಮಲಾಪುರ. ಆರನೆಯದು, ಎಲ್ಲಿಗೂ ಹೋಗದೆ ಕಲಬುರಗಿಯಲ್ಲಿಯೇ ಉಳಿಯುವುದು. ಮೇಷ್ಟ್ರ ಅಭ್ಯಾಸ ಬಿಡುವುದುಂಟೆ? ಹಾಳೆಗೆ ಗೆರೆ ಹಾಕಿ, ಹವೆ, ದವಾಖಾನೆ, ಖರ್ಚು, ಭಾಷೆ, ಬಂಧುಗಳು, ನಡೆದು ಮುಗಿಸಬಹುದಾದ ಕೆಲಸಗಳು ಎಂದು ಆರು ವಿಷಯ ಮಾಡಿ, ಒಂದೊಂದಕ್ಕೆ ಹತ್ತು ಅಂಕವಿಟ್ಟೆ.

ಕಮಲಾಪುರದ ಹೆಸರು ಬರೆಯುವಾಗ ಕೈ ಮೃದುವಾಯಿತು. ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ ಸುಮಾರು 35 ಕಿಲೋಮೀಟರು. ಅಲ್ಲಿಯ ಕೆಂಪು ಬಾಳೆಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಊರು ಈಗ ತಾಲ್ಲೂಕು ಕೇಂದ್ರ. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ರೈಲುಮಾರ್ಗ ಉದ್ಘಾಟನೆಯಾದ ಮೇಲೆ ನಮ್ಮೂರಿಗೆ ರೈಲೂ ಬಂತು. ಆದರೆ ನಡುರಾತ್ರಿ ಎದೆನೋವು ಬಂದರೆ ಕಲಬುರಗಿಗೇ ಓಡಬೇಕು, ಅಲ್ಲಿನ ಬಿಸಿಲೂ ಇಲ್ಲಿಯದೇ. ಹುಟ್ಟಿದ ಊರು ನೆನಪಿಗೆ ಒಳ್ಳೆಯದು, ಹೃದ್ರೋಗಕ್ಕಲ್ಲ.

ಮಂಗಳೂರಿಗೆ ದವಾಖಾನೆಯ ಅಂಕಣದಲ್ಲಿ ಹತ್ತಕ್ಕೆ ಹತ್ತು. 1848ರಲ್ಲಿ ಸ್ಥಾಪನೆಯಾದ ವೆನ್‌ಲಾಕ್ ಆಸ್ಪತ್ರೆಯಿಂದ ಹಿಡಿದು ವೈದ್ಯಕೀಯ ಕಾಲೇಜುಗಳ ಸಾಲೇ ಅಲ್ಲಿದೆ. ಆದರೆ ಅಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಬೀಳುವುದು ಅದರ ಕಾಲು ಭಾಗಕ್ಕೂ ಕಡಿಮೆ. ಆಷಾಢದಲ್ಲಿ ಒಂದು ವಾರ ಅಲ್ಲಿದ್ದು ನೋಡಿದೆವು. ಮಂಡಿನೋವಿನ ಇಬ್ಬರು ಮುದುಕರು ಏಳು ದಿನ ಕಿಟಕಿಯಲ್ಲಿ ಮಳೆ ನೋಡುತ್ತ ಕಳೆದೆವು. ಬೆಳಗಾವಿಯ ಹವೆ ಬಹಳ ಹಿತ, ದವಾಖಾನೆಗಳೂ ಉತ್ತಮ. ಆದರೆ ಆ ಊರಿನಲ್ಲಿ ನಮ್ಮ ಹೆಸರು ಹಿಡಿದು ಕರೆಯುವವರು ಒಬ್ಬರೂ ಇಲ್ಲ.

ಮೈಸೂರಿನ ವಿಷಯವೇ ಬೇರೆ. ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರ. ಕಲಬುರಗಿ ಇರುವುದು 450ರ ಆಸುಪಾಸಿನಲ್ಲಿ. ಬೇಸಿಗೆಯ ವ್ಯತ್ಯಾಸಕ್ಕೆ ಈ ಎತ್ತರವೂ ಒಂದು ಕಾರಣ. ರಾಷ್ಟ್ರೀಯ ಸ್ವಚ್ಛತಾ ಪಟ್ಟಿಯಲ್ಲಿ 2015 ಮತ್ತು 2016ರಲ್ಲಿ ಮೊದಲ ಸ್ಥಾನ ಪಡೆದ ನಗರ. ಅಗಲವಾದ ರಸ್ತೆ, ನೆರಳು, ಉದ್ಯಾನ, ಗ್ರಂಥಾಲಯ. ಎಲ್ಲಕ್ಕಿಂತ ಮಿಗಿಲಾಗಿ ಮಗಳು, ಮೊಮ್ಮಕ್ಕಳು. ನಮ್ಮ ಮಾತು ಕೇಳಿ ಅಲ್ಲಿಯ ಅಂಗಡಿಯವರು "ನೀವು ಉತ್ತರ ಕರ್ನಾಟಕದವರಾ?" ಎಂದು ನಗುವುದೊಂದೇ ಕೊರತೆ. ಅಂಕ ಕೂಡಿಸಿದಾಗ ಮೈಸೂರಿಗೆ 60ಕ್ಕೆ 47, ಕಲಬುರಗಿಗೆ 44, ಧಾರವಾಡಕ್ಕೆ 43 ಬಂದವು. ಲೆಕ್ಕ ಮುಗಿಯಿತೆಂದು ಹಾಳೆಯನ್ನು ಮಡದಿಯ ಮುಂದಿಟ್ಟೆ.

ಆಕೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಓದಿ ಕೇಳಿದ್ದು ಒಂದೇ ಮಾತು: "ನಮ್ಮಿಬ್ಬರೊಳಗ ಒಬ್ಬರು ಮೊದಲ ಹೋಗೋದು ಖರೇ ಅಲ್ಲೇನ್ರಿ? ಉಳದವರು ಯಾವ ಊರಾಗ ಒಬ್ಬರೇ ಇರಬಹುದು, ಅದನ್ನ ಬರೀರಿ."

ಪ್ರಿಯ ಓದುಗರೇ, ಈ ಲೇಖನದಲ್ಲಿ ನಾನು ಹೇಳಬೇಕಾದುದು ಇಷ್ಟೇ. ಇಳಿವಯಸ್ಸಿನಲ್ಲಿ ಊರು ಆರಿಸುವ ದಂಪತಿಗಳು ಇಬ್ಬರಿಗಾಗಿ ಆರಿಸುತ್ತಾರೆ. ವಾಸ್ತವದಲ್ಲಿ ಆ ಊರು ಬೇಕಾಗುವುದು ಕೊನೆಗೆ ಉಳಿಯುವ ಒಬ್ಬರಿಗೆ. ಇಬ್ಬರಿದ್ದಾಗ ಯಾವ ಊರಾದರೂ ನಡೆದೀತು. ಎದುರು ಕುಳಿತು ಚಹಾ ಕುಡಿಯಲು ಒಬ್ಬರು ಇದ್ದೇ ಇರುತ್ತಾರೆ.

ಈ ಪ್ರಶ್ನೆಯನ್ನು ಏಳನೆಯ ಅಂಕಣವಾಗಿ ಸೇರಿಸಿದ ಕೂಡಲೇ ಪಟ್ಟಿಯ ಕ್ರಮ ಬದಲಾಯಿತು. ಮೈಸೂರಿನಲ್ಲಿ ಮಗಳಿದ್ದಾಳೆ, ನಿಜ. ಆದರೆ ಅಳಿಯನದು ವರ್ಗಾವಣೆಯ ನೌಕರಿ. ಮೂರು ವರ್ಷದ ಮೇಲೆ ಅವರು ಎಲ್ಲಿರುವರೋ ಅವರಿಗೇ ತಿಳಿಯದು. ಮಕ್ಕಳ ಹಿಂದೆ ಊರು ಆರಿಸಿದರೆ ಅವರ ವರ್ಗಾವಣೆಯ ಆದೇಶ ನಮಗೂ ಅನ್ವಯಿಸುತ್ತದೆ. ಅವರು ಹೋದ ಮೇಲೆ ಅಲ್ಲಿ ಉಳಿಯುವುದು ಸುಂದರವಾದ ರಸ್ತೆಗಳು ಮಾತ್ರ.

ಉಳಿಯುವವನು ನಾನಾದರೆ ಉತ್ತರ ಸುಲಭ: ಕಲಬುರಗಿ. ಇಲ್ಲಿ ನನಗಿರುವ ಗುರುತನ್ನು ಯಾವ ಲಾರಿಯಲ್ಲಿಯೂ ಹೇರಿಕೊಂಡು ಹೋಗಲಾಗದು. ಡಿಸೆಂಬರ್, ಜನವರಿಯಲ್ಲಿ ತೊಗರಿಯ ಆವಕ ಜೋರಾದಾಗ ಗಂಜಿನೊಳಗೆ ಕಾಲಿಡಲು ಜಾಗವಿರುವುದಿಲ್ಲ. ಆಗಲೂ ಯಾರೋ ಒಬ್ಬ ಹಳೆಯ ವಿದ್ಯಾರ್ಥಿ ಚೀಲಗಳ ನಡುವೆ ದಾರಿ ಮಾಡಿ "ಬರ್ರಿ ಸರ್" ಎನ್ನುತ್ತಾನೆ. 2019ರಲ್ಲಿ ನಮ್ಮ ತೊಗರಿಬೇಳೆಗೆ ಭೌಗೋಳಿಕ ಸೂಚಕ ಬಂದಾಗ, ಏಳನೆಯ ತರಗತಿಯಲ್ಲಿ ನಾನು ಮಣ್ಣಿನ ಪಾಠ ಹೇಳಿಕೊಟ್ಟವನೊಬ್ಬ ಪೇಢೆ ತಂದುಕೊಟ್ಟಿದ್ದ. ಊರೂ ಬೆಳೆದಿದೆ. 2013ರಲ್ಲಿ ಹೈಕೋರ್ಟಿನ ಕಾಯಂ ಪೀಠ ಬಂತು. ಅದೇ ವರ್ಷ 371(ಜೆ) ವಿಧಿಯ ಸೌಲಭ್ಯ ಜಾರಿಯಾಗಿ ನನ್ನ ಎಷ್ಟೋ ವಿದ್ಯಾರ್ಥಿಗಳ ಮಕ್ಕಳಿಗೆ ವೈದ್ಯಕೀಯ, ಇಂಜಿನಿಯರಿಂಗ್ ಸೀಟುಗಳು ದೊರೆತವು. 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ದೊಡ್ಡ ಕಟ್ಟಡವೇ ಉದ್ಘಾಟನೆಯಾಯಿತು. ಮೊದಲು ಹೃದಯದ ಕಾಯಿಲೆಗೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡುತ್ತಿದ್ದ ಜನ ನಾವು.

ಆದರೆ ಉಳಿಯುವವಳು ಆಕೆಯಾದರೆ? ಆಕೆಗಿಂತ ನಾನು ಆರು ವರ್ಷ ದೊಡ್ಡವನು. ಲೆಕ್ಕ ಯಾವ ಕಡೆಗೆ ವಾಲುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಓಣಿಯ ಆಕೆಯ ಗೆಳತಿಯರಲ್ಲಿ ಇಬ್ಬರು ಈಗಾಗಲೇ ಮಕ್ಕಳ ಊರು ಸೇರಿದ್ದಾರೆ. ಗಂಜು ನನ್ನನ್ನು ಬಲ್ಲುದು. ಆಕೆಯನ್ನು ಬಲ್ಲುದು 'ಮೇಷ್ಟ್ರ ಮನೆಯವರು' ಎಂದು. ಮೇಷ್ಟ್ರಿಲ್ಲದ ಮೇಲೆ ಆ ಗುರುತು ಎಷ್ಟು ದಿನದ್ದು? ಧಾರವಾಡದಲ್ಲಿಯಾದರೋ ಆಕೆಯ ತಂಗಿಯ ಮನೆಯಿದೆ, ಶಾಲೆಯಲ್ಲಿ ಜೊತೆಗೆ ಓದಿದ ಮೂವರಿದ್ದಾರೆ. ಆಕೆಯನ್ನು ಅವರು ಕರೆಯುವುದು ಚಿಕ್ಕಂದಿನ ಹೆಸರಿನಿಂದ. 41 ವರ್ಷಗಳ ಹಿಂದೆ ನನ್ನ ನೇಮಕಾತಿಯ ಆದೇಶ ಹಿಡಿದು ಆಕೆ ಈ ಬಿಸಿಲಿನ ಊರಿಗೆ ಬಂದಾಗ ಯಾರೂ ಗೆರೆ ಹಾಕಿ ಅಂಕ ಕೊಟ್ಟಿರಲಿಲ್ಲ. ಬಂದಳು, ಬಾಳಿದಳು, ಪುಂಡಿಪಲ್ಯ ಮಾಡುವುದರಲ್ಲಿ ಇಲ್ಲಿಯವರನ್ನೇ ಮೀರಿಸಿದಳು. ಇನ್ನೊಂದು ಸಲ ಊರು ಬದಲಿಸುವ ಸರದಿ ನನ್ನದು.

ಆದ್ದರಿಂದ, ಕೇಳಿದವರಿಗೆಲ್ಲ ಉತ್ತರ: ಖರೇ. ಬರುವ ವರ್ಷ ಹೋಳಿಹುಣ್ಣಿಮೆಯ ಬಳಿಕ ಶರಣಬಸವೇಶ್ವರರ ಜಾತ್ರೆ ಮುಗಿಸಿಕೊಂಡು ನಾವು ಧಾರವಾಡಕ್ಕೆ ಹೋಗುತ್ತೇವೆ.

"ಈ ವಯಸ್ಸಿನಲ್ಲಿಯೇ?" ಎನ್ನುವವರಿಗೆ ನಮ್ಮೂರಿನ ಚರಿತ್ರೆಯನ್ನೇ ನೆನಪಿಸುತ್ತೇನೆ. ಕಲಬುರಗಿಯ ಎರಡು ದೊಡ್ಡ ಹೆಸರುಗಳೂ ಹೊರಗಿನಿಂದ ಬಂದವರವೇ. ತೈಮೂರನ ದಾಳಿಯ ಹೊತ್ತಿಗೆ ದಿಲ್ಲಿ ಬಿಟ್ಟ ಖ್ವಾಜಾ ಬಂದೇ ನವಾಜರು 1400ರ ಸುಮಾರಿಗೆ ಇಲ್ಲಿಗೆ ಬಂದಾಗ ಅವರ ಪ್ರಾಯ ಎಂಬತ್ತರ ಆಸುಪಾಸು. 1422ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿಯೇ ಬೋಧಿಸಿದರು. ಶರಣಬಸವೇಶ್ವರರು ಜೇವರ್ಗಿ ಸೀಮೆಯ ಅರಳಗುಂಡಗಿಯನ್ನು ಬಿಟ್ಟು ಬಂದು ಇಲ್ಲಿ ದಾಸೋಹ ನಡೆಸಿದರು. ಅತ್ತ ಬಹಮನಿ ಸುಲ್ತಾನರು 1347ರಿಂದ ಆಳಿದ ಈ ರಾಜಧಾನಿಯನ್ನು 1420ರ ದಶಕದಲ್ಲಿ ಬೀದರಿಗೆ ಒಯ್ದರು. ಆಳಿದವರು ಹೋದರು, ಕಲಿಸಿದವರು, ಉಣಿಸಿದವರು ಉಳಿದರು. ಬಂದ ಊರಿನಲ್ಲಿ ಕೊಡುವುದಕ್ಕೆ ಏನಾದರೂ ಇದ್ದವನು ಪರಕೀಯನಾಗಿ ಉಳಿಯುವುದಿಲ್ಲ ಎಂಬ ಪಾಠವನ್ನು ಇದರಿಂದ ನಾನು ಕಲಿತಿದ್ದೇನೆ. ಧಾರವಾಡದಲ್ಲಿ 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘವಿದೆ. ಭಾಷಣ, ಪುಸ್ತಕಗಳಿಗೆ ಬರವಿಲ್ಲ. ಗಣಿತ ಕಠಿಣವೆನ್ನುವ ಮಕ್ಕಳು ಎಲ್ಲ ಊರಿನಲ್ಲಿಯೂ ಇರುತ್ತಾರೆ. ನನಗೆ ಅಷ್ಟು ಸಾಕು.

ಊರು ಬದಲಿಸಲಿರುವ ಹಿರಿಯರಿಗೆ ನಾಲ್ಕು ಮಾತು. ಯಾವ ಊರನ್ನೂ ಅದರ ಒಳ್ಳೆಯ ಕಾಲದಲ್ಲಿ ನೋಡಬೇಡಿ. ಮಂಗಳೂರನ್ನು ಆಷಾಢದಲ್ಲಿ, ಧಾರವಾಡವನ್ನು ಜಿಟಿಜಿಟಿ ಮಳೆಯ ಶ್ರಾವಣದಲ್ಲಿ, ನಮ್ಮೂರನ್ನು ಮೇ ತಿಂಗಳಲ್ಲಿ ನೋಡಿ. ಮನೆ ಹಿಡಿಯುವ ಮೊದಲು ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ. ಒಂದೇ ಊರಿನ ಎರಡು ಬಡಾವಣೆಗಳಿಗೆ ಎರಡು ಉತ್ತರಗಳಿರುತ್ತವೆ. ಒಂದು ವರ್ಷ ಬಾಡಿಗೆಗಿದ್ದು ನೋಡದೆ ಹಳೆಯ ಮನೆ ಮಾರಬೇಡಿ. ಇನ್ನು ಪಿಂಚಣಿಯ ಚಿಂತೆ ಬೇಡ; ಬ್ಯಾಂಕಿನ ಶಾಖೆ ಬದಲಿಸಿಕೊಳ್ಳಬಹುದು.

ನಾವೂ ಮನೆ ಮಾರುತ್ತಿಲ್ಲ. ಕೆಳಗಿನ ಭಾಗ ಬಾಡಿಗೆಗೆ, ಮೇಲಿನ ಒಂದು ಕೋಣೆಯ ಕೀಲಿ ನಮ್ಮಲ್ಲಿ. ತೊಗರಿ ಸುಗ್ಗಿಯ ತಿಂಗಳಿನಲ್ಲಿ ಬಿಸಿಲೂ ಇರುವುದಿಲ್ಲ. ಆಗ ಬಂದು ಹದಿನೈದು ದಿನ ಇದ್ದು ಹೋಗುತ್ತೇವೆ. ಉಳಿದಂತೆ ರಾತ್ರಿ ಬಸ್ಸು ಹತ್ತಿದರೆ ಬೆಳಗಿಗೆ ನೀವೇ ಅಲ್ಲಿರುತ್ತೀರಿ. ಬರುವಾಗ ಗಂಜಿನಿಂದ ಎರಡು ಕಿಲೋ ಬೇಳೆ ತನ್ನಿ. ಮಲಪ್ರಭೆಯ ನೀರಿನಲ್ಲಿ ಅದು ಹೇಗೆ ಬೇಯುತ್ತದೆಂಬುದು ನಮ್ಮ ಮನೆಯವರಿಗೆ ಮೊದಲೇ ಗೊತ್ತು. ನಾನು ಇನ್ನು ಕಲಿಯಬೇಕು.