ಅರ ಅಂದರೆ ಅರ್ಧವಲ್ಲ

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಪರೀಕ್ಷೆ, ತರಬೇತಿ, ಶಾಲೆಯ ಲೆಕ್ಕಪತ್ರ... ಸಬೂಬಿಗೇನು ಬರ? ಇವತ್ತು ಬರೆಯುವುದು ನಮ್ಮ ಒಂದು ತಪ್ಪಿನ ಬಗ್ಗೆ. ಅದು ನಮಗೆ ತಿಳಿದದ್ದು ವಯನಾಡಿನಲ್ಲಿ. ತಿಳಿಸಿಕೊಟ್ಟದ್ದು ನಮಗೆ ಗಂಧಗಾಳಿಯೂ ಇಲ್ಲದ ಬೇಸ್‌ಬಾಲ್ ಆಟ!

ನಮ್ಮದು ಕಾಸರಗೋಡು ಜಿಲ್ಲೆಯ ಗಡಿಭಾಗದ ಸರಕಾರಿ ಕನ್ನಡ ಮಾಧ್ಯಮ ಶಾಲೆ. ಮಕ್ಕಳು ಕಡಿಮೆ. ಆದ್ದರಿಂದ ದೈಹಿಕ ಶಿಕ್ಷಕರ ಹುದ್ದೆ ಇಲ್ಲ. ಟಿಸಿಎಚ್ ಓದುವಾಗ ಕಲಿತ ಡ್ರಿಲ್, ಲೇಜಿಮ್, ಖೋ-ಖೋ ಇಷ್ಟರ ಬಲದ ಮೇಲೆ ಆಟದ ಪಿರಿಯಡ್ಡು ನಮ್ಮ ತಲೆಗೆ ಬಂದಿದೆ. ಮಕ್ಕಳಿಗೆ ಬೇಕಾದದ್ದು ಕ್ರಿಕೆಟ್. ಟಿವಿ ನೋಡಿ ಕಲಿತ ನಾವು ಅವರಿಗೆ ಕೋಚ್!

ಏಳನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಹುಡುಗರ ಜೊತೆ ತೆಂಗಿನ ಕೊತ್ತಳಿಗೆಯ ಬ್ಯಾಟಿನಲ್ಲಿ ಆಡುತ್ತಿದ್ದಳು. ಅವಳು ಹೊಡೆದರೆ ಚೆಂಡು ಕಂಪೌಂಡು ದಾಟಿ ಅಡಿಕೆ ತೋಟಕ್ಕೆ ಬೀಳುತ್ತಿತ್ತು. ಬೇಲಿ ಬದಿಯ ಕಾಡು ಸವರುವವರು ಕತ್ತಿ ಬೀಸುತ್ತಾರಲ್ಲ, ಹಾಗೆ ಇಡೀ ಮೈ ತಿರುಗಿಸಿ ಬೀಸುತ್ತಿದ್ದಳು. ಒಂದು ದಿನ ಹುಡುಗರು "ಡ್ಯಾನ್ಸು, ಡ್ಯಾನ್ಸು" ಎಂದು ನಕ್ಕರು. ನಾವು ಹುಡುಗರನ್ನು ಗದರಿಸಬೇಕಿತ್ತು. ಅದು ಬಿಟ್ಟು ಅವಳನ್ನೇ ಕರೆದು, "ಹೆಣ್ಣುಮಕ್ಕಳು ಹಾಗೆ ಸೊಂಟ ತಿರುಗಿಸಬಾರದು. ನೆಟ್ಟಗೆ ನಿಂತು ಕೈಯಲ್ಲಿ ಹೊಡಿ" ಎಂದೆವು. ಅಂದಿನಿಂದ ಅವಳ ಚೆಂಡು ಕಂಪೌಂಡು ಮುಟ್ಟಲಿಲ್ಲ. ಅಭ್ಯಾಸ ಸಾಲದು ಎಂದುಕೊಂಡೆವು.

ಆ ವರ್ಷದ ಶೈಕ್ಷಣಿಕ ಪ್ರವಾಸ ವಯನಾಡಿಗೆ. ಕಣ್ಣೂರು ದಾಟಿ ಘಾಟಿ ಹತ್ತಿ ಮಾನಂತವಾಡಿ ತಲುಪುವಾಗ ಸಂಜೆಯಾಗಿತ್ತು. ಅಲ್ಲಿ ಮೈಸೂರು ರಸ್ತೆಯ ಒಂದು ಜಂಕ್ಷನ್ನಿಗೆ ಮಿನ್ನು ಮಣಿಯ ಹೆಸರಿಟ್ಟಿದ್ದಾರೆ. 2023ರ ಜುಲೈಯಲ್ಲಿ ಬಾಂಗ್ಲಾದೇಶದ ವಿರುದ್ಧ ಭಾರತಕ್ಕೆ ಆಡಿದ, ಇದೇ ಊರ ಕಡೆಯ ಕುರಿಚ್ಯ ಸಮುದಾಯದ ಹುಡುಗಿ. ಗದ್ದೆಯಲ್ಲಿ ಹುಡುಗರ ಜೊತೆ ಆಡಿ ಬೆಳೆದವಳು. ಅವಳನ್ನು ಕ್ರಿಕೆಟಿಗೆ ಕರೆತಂದವರು ಇಲ್ಲಿನ ಸರಕಾರಿ ಶಾಲೆಯ ದೈಹಿಕ ಶಿಕ್ಷಕಿ ಎಲ್ಸಮ್ಮ ಟೀಚರ್.

ಸಜನಾ ಸಜೀವನ್ ಕೂಡ ಇದೇ ಮಾನಂತವಾಡಿ ಕಡೆಯವಳು. 2024ರ ಫೆಬ್ರವರಿ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಮುಂಬೈ ತಂಡಕ್ಕೆ ಕೊನೆಯ ಚೆಂಡಿಗೆ 5 ರನ್ ಬೇಕಿತ್ತು. ಆಗ ತಾನೇ ಕ್ರೀಸಿಗೆ ಬಂದ ಸಜನಾಗೆ ಅದು ಮೊದಲ ಚೆಂಡು. ಮುಂದೆ ನುಗ್ಗಿ ಲಾಂಗ್ ಆನ್ ಮೇಲಿಂದ ಸಿಕ್ಸರ್ ಎತ್ತಿದಳು! ಬಸ್ಸಿನಲ್ಲಿ ಈ ಕತೆ ಹೇಳುವಾಗ ನಮ್ಮ ಹುಡುಗಿ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಏನೂ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ನಾವು ಉಳಿದುಕೊಂಡಿದ್ದ ಜಾಗದ ಪಕ್ಕದ ಮೈದಾನದಲ್ಲಿ ಹತ್ತು ಹನ್ನೆರಡು ಮಕ್ಕಳು ಆಡುತ್ತಿದ್ದರು. ಮಂಜು ಇನ್ನೂ ಇಳಿದಿರಲಿಲ್ಲ. ಹತ್ತಿರ ಹೋದರೆ ಬ್ಯಾಟು ಚಪ್ಪಟೆ ಇಲ್ಲ, ಒನಕೆಯಂತೆ ದುಂಡಗೆ. ಕೇಳಿದರೆ ಬೇಸ್‌ಬಾಲ್ ಅಂತೆ. ಕೇರಳದ ಶಾಲಾ ಕ್ರೀಡೆಗಳಲ್ಲಿ ಸಾಫ್ಟ್‌ಬಾಲ್, ಬೇಸ್‌ಬಾಲ್ ಎರಡೂ ಇವೆ. ನಮ್ಮ ಕಡೆಯ ಸಣ್ಣ ಶಾಲೆಗಳಿಗೆ ಅದರ ಸುದ್ದಿ ಮುಟ್ಟುವುದು ಕಡಿಮೆ. ಕಲಿಸುತ್ತಿದ್ದ ಟೀಚರ್ ನಗುಮುಖದವರು. ನಮ್ಮ ಅರೆಬರೆ ಮಲಯಾಳಕ್ಕೆ ಬೇಸರಿಸದೆ ಎಲ್ಲ ವಿವರಿಸಿದರು. ಕೇಳಿಸಿಕೊಂಡದ್ದನ್ನು ನಿಮಗೂ ಹೇಳುತ್ತೇವೆ.

ಬೇಸ್‌ಬಾಲಿನಲ್ಲಿ ಚೆಂಡು ನೆಲಕ್ಕೆ ಪುಟಿಯದೆ ನೇರ ಬರುತ್ತದೆ. ದೊಡ್ಡವರ ಆಟದಲ್ಲಿ ಎಸೆಯುವವನಿಗೂ ಹೊಡೆಯುವ ಜಾಗಕ್ಕೂ ನಡುವೆ 18.44 ಮೀಟರ್. ಗಂಟೆಗೆ 145 ಕಿ.ಮೀ. ವೇಗದಲ್ಲಿ ಎಸೆದರೆ ಚೆಂಡು ಮುಟ್ಟಲು ಅರ್ಧ ಸೆಕೆಂಡು ಕೂಡ ಬೇಡ. ಅಷ್ಟರೊಳಗೆ ಬರಿಯ ಕೈಯಿಂದ ಬಲ ಹುಟ್ಟಿಸಲು ಆಗುವುದಿಲ್ಲ. ಬಲ ನೆಲದಿಂದ ಬರಬೇಕು.

ಪಾದಗಳು ಭುಜಕ್ಕಿಂತ ಸ್ವಲ್ಪ ಅಗಲ. ಮೊಣಕಾಲು ತುಸು ಬಾಗಿರಬೇಕು. ಬ್ಯಾಟನ್ನು ಅಂಗೈಯಲ್ಲಿ ಅಲ್ಲ, ಬೆರಳುಗಳಲ್ಲಿ ಹಿಡಿಯಬೇಕು, ಬಿಗಿಯಾಗಿ ಅಲ್ಲ. ಮೊದಲು ಭಾರ ಹಿಂದಿನ ಕಾಲಿಗೆ. ಚೆಂಡು ಬಿಟ್ಟಾಗ ಮುಂದಿನ ಕಾಲು ಒಂದು ಸಣ್ಣ ಹೆಜ್ಜೆ ಇಡುತ್ತದೆ, ಆದರೆ ಕೈ ಹಿಂದೆಯೇ ಉಳಿಯಬೇಕು. ಆಮೇಲೆ ಸೊಂಟ ತಿರುಗುತ್ತದೆ, ಹಿಂದಿನ ಕಾಲಿನ ಹಿಮ್ಮಡಿ ನೆಲ ಬಿಟ್ಟು ಏಳುತ್ತದೆ. ಸೊಂಟದ ಹಿಂದೆ ಭುಜ, ಭುಜದ ಹಿಂದೆ ಕೈ, ಎಲ್ಲಕ್ಕೂ ಕೊನೆಗೆ ಬ್ಯಾಟು. ಚಾಟಿ ಬೀಸಿದ ಹಾಗೆ! ಹಿಡಿಯ ಕಡೆಯಿಂದ ಹೊರಟದ್ದು ತುದಿಯಲ್ಲಿ ಸಿಡಿಯುತ್ತದೆ. ಇಷ್ಟೆಲ್ಲ ತಿರುಗುವಾಗಲೂ ತಲೆ ಮಾತ್ರ ಅಲುಗಬಾರದು, ಕಣ್ಣು ಚೆಂಡಿನ ಮೇಲೆ.

ಇನ್ನೊಂದು ಸ್ವಾರಸ್ಯ ಇದೆ. ಎಸೆಯುವವನು ನಿಲ್ಲುವುದು ಮಣ್ಣಿನ ಸಣ್ಣ ದಿಬ್ಬದ ಮೇಲೆ. ಆದ್ದರಿಂದ ಚೆಂಡು ಇಳಿಮುಖವಾಗಿ ಬರುತ್ತದೆ. ಹಾಗಾಗಿ ಬ್ಯಾಟು ಸ್ವಲ್ಪ ಮೇಲ್ಮುಖವಾಗಿ ಹೋಗಬೇಕು ಎಂದು ಅಮೆರಿಕದ ಹೆಸರಾಂತ ಆಟಗಾರ ಟೆಡ್ ವಿಲಿಯಮ್ಸ್ ಪುಸ್ತಕವನ್ನೇ ಬರೆದಿದ್ದಾರೆ. ಸೊಂಟ ಮೊದಲು, ಕೈ ಆಮೇಲೆ ಎಂಬುದು ಅವರ ಪಾಠವೂ ಹೌದು.

ಅಷ್ಟರಲ್ಲಿ ನಮ್ಮ ಹುಡುಗಿ ಬೇಲಿ ಪಕ್ಕ ಬಂದು ನಿಂತಿದ್ದಳು. ಆ ಟೀಚರೇ ಕರೆದು ಬ್ಯಾಟು ಕೊಟ್ಟರು. ಮೊದಲ ಚೆಂಡು ತಪ್ಪಿತು. "ಅರ ತಿರಿಯಣಂ ಮೋಳೇ" ಎಂದರು. ಎರಡನೆಯದಕ್ಕೆ ಅವಳು ಬ್ಯಾಟನ್ನು ಅರ್ಧಕ್ಕೇ ನಿಲ್ಲಿಸಿದಳು. "ಅರ, ಅರ!" ಎಂದರು ಟೀಚರ್. ಮತ್ತೆ ಅರ್ಧ. ನಮಗೆ ಥಟ್ಟನೆ ಹೊಳೆಯಿತು. ಮಲಯಾಳದಲ್ಲಿ 'ಅರ' ಅಂದರೆ ಅರ್ಧವೂ ಹೌದು, ಸೊಂಟವೂ ಹೌದು. ಕನ್ನಡದ ಕಿವಿಗೆ ಅದು 'ಅರೆ' ಎಂದೇ ಕೇಳುತ್ತದೆ. ಪಾಪ, ಮಗು ಅರ್ಧ ತಿರುಗಿಸು ಎಂದುಕೊಂಡಿದೆ! ನಾವು ಓಡಿಹೋಗಿ, "ಅರ ಅಂದರೆ ಅರ್ಧ ಅಲ್ಲ, ಸೊಂಟ! ಸೊಂಟ ತಿರುಗಿಸು" ಎಂದೆವು. ಅವಳು ನಮ್ಮ ಮುಖವನ್ನು ಒಂದು ಗಳಿಗೆ ನೋಡಿದಳು. ಮುಂದಿನ ಚೆಂಡು ಮೈದಾನದಾಚೆಯ ಕಾಫಿ ಗಿಡಗಳ ನಡುವೆ ಹೋಗಿ ಬಿತ್ತು. ವಯನಾಡಿನ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

ನಮಗೆ ಬಹಳ ಹೆಮ್ಮೆ! ಗಡಿನಾಡಿನ ಮಕ್ಕಳ ಭಾಷಾ ಸಮಸ್ಯೆಗೆ ಒಳ್ಳೆಯ ಉದಾಹರಣೆ ಸಿಕ್ಕಿತು, ಇದನ್ನೇ ಬರೆಯಬೇಕು ಎಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆವು. ಹಿಂತಿರುಗುವ ಬಸ್ಸಿನಲ್ಲಿ ಅವಳನ್ನು ಪಕ್ಕ ಕೂರಿಸಿಕೊಂಡು, "ಮಲಯಾಳ ಅರ್ಥ ಆಗಲಿಲ್ಲ ಅಲ್ವಾ ನಿನಗೆ?" ಎಂದು ಕೇಳಿದೆವು.

"ಅರ್ಥ ಆಗಿತ್ತು ಟೀಚರ್," ಎಂದಳು. "ಸೊಂಟ ತಿರುಗಿಸಬೇಡ ಅಂತ ನೀವೇ ಹೇಳಿದ್ರಲ್ಲ. ನೀವು ಅಲ್ಲೇ ನಿಂತಿದ್ರಿ."

ಘಾಟಿ ಇಳಿಯುವವರೆಗೂ ನಮಗೆ ಮಾತು ಬರಲಿಲ್ಲ. ಅಡ್ಡ ಬಂದದ್ದು ಮಲಯಾಳವಲ್ಲ, ಕನ್ನಡದಲ್ಲೇ ನಾವು ಹೇಳಿದ ಒಂದು ಮಾತು. ಪುಸ್ತಕ ಓದದೆ ಆ ಮಗುವಿಗೆ ಸರಿಯಾಗಿಯೇ ಗೊತ್ತಿದ್ದುದನ್ನು, ನಾಲ್ಕು ಹುಡುಗರು ನಕ್ಕರೆಂದು ನಾವು ಕಿತ್ತುಕೊಂಡಿದ್ದೆವು. ನಮ್ಮ ಭಾಷೆಯಲ್ಲೂ 'ನಡು' ಅಂದರೆ ಸೊಂಟವೂ ಹೌದು, ಮಧ್ಯವೂ ಹೌದು. ಅದನ್ನೇ ಕಟ್ಟಿಹಾಕಿ, ಕೈ ಬೀಸು ಎಂದರೆ ಏನಾದೀತು?

ಸೋಮವಾರ ಆಟದ ಪಿರಿಯಡ್ಡಿನಲ್ಲಿ ಎಲ್ಲ ಮಕ್ಕಳ ಎದುರು, "ನಾವು ಇವಳಿಗೆ ತಪ್ಪು ಹೇಳಿಕೊಟ್ಟಿದ್ದೆವು" ಎಂದೆವು. ಮಾವಿನ ಕೊಂಬೆಗೆ ಹಗ್ಗ ಕಟ್ಟಿ, ಹಳೆಯ ಕಾಲುಚೀಲದಲ್ಲಿ ಚೆಂಡು ತೂಗಿಬಿಟ್ಟು, ನಕ್ಕಿದ್ದ ಹುಡುಗರನ್ನೂ ಸಾಲಾಗಿ ನಿಲ್ಲಿಸಿದೆವು. ಪಾದ, ಸೊಂಟ, ಭುಜ, ಕೈ. ಕಲಿಸಲು ಅವಳೇ ನಿಂತಳು.

ಈಗ ಅವಳು ಹೈಸ್ಕೂಲಿಗೆ ಹೋಗಿದ್ದಾಳೆ. ಕಾಲುಚೀಲದ ಚೆಂಡು ಇನ್ನೂ ತೂಗುತ್ತಿದೆ. ಅಡಿಕೆ ತೋಟದ ಯಜಮಾನರು ಮಾತ್ರ ವಾರಕ್ಕೊಮ್ಮೆ ಚೆಂಡುಗಳನ್ನು ಚೀಲದಲ್ಲಿ ತುಂಬಿಸಿ ತಂದು, "ಟೀಚರೇ, ಇದು ಹೆಚ್ಚಾಯ್ತು" ಎಂದು ಬೈದು ಹೋಗುತ್ತಾರೆ.