ಗೇಮ್ ಆಡುವಾಗ ಮಾತ್ರ ಸಾಯುವ ಕಂಪ್ಯೂಟರ್

ಸಾಫ್ಟ್‌ವೇರ್ ಇಂಜಿನಿಯರ್ ಅಂದ ಮೇಲೆ ಮಿಕ್ಸಿಯಿಂದ ಹಿಡಿದು ಟಿವಿ ರಿಮೋಟ್ ತನಕ ಎಲ್ಲಾ ರಿಪೇರಿ ಬರುತ್ತೆ ಅನ್ನೋದು ನಮ್ಮ ಬಂಧುಬಳಗದ ಗಟ್ಟಿ ನಂಬಿಕೆ. ಹಾಗಾಗಿ ಯಾರ ಮನೆಯಲ್ಲಿ ಕಂಪ್ಯೂಟರ್ ಕೆಟ್ಟರೂ ಫೋನ್ ನನಗೇ ಬರುತ್ತೆ. ಆಗ ನಾನು ಮೊದಲು ಕೇಳೋದು ಒಂದೇ ಪ್ರಶ್ನೆ: "ಹೇಗೆ ಸತ್ತಿತು?"

ನಗಬೇಡಿ. ದೊಡ್ಡ ದೊಡ್ಡ ಗೇಮ್ ಆಡುವಾಗ ಕಂಪ್ಯೂಟರ್ ಸಾಯೋದರಲ್ಲಿ ನಾಲ್ಕು ಬಗೆ ಇದೆ. ಒಂದು, ಗೇಮ್ ಮಾತ್ರ ಮುಚ್ಚಿಕೊಂಡು ಡೆಸ್ಕ್‌ಟಾಪ್ ಕಾಣಿಸುತ್ತೆ. ಇದು ಹೆಚ್ಚಾಗಿ ಗೇಮಿನದೋ ಡ್ರೈವರಿನದೋ ತಕರಾರು, ಕೆಲವೊಮ್ಮೆ ರ‍್ಯಾಮಿನದು. ಎರಡು, ಚಿತ್ರ ಇದ್ದಲ್ಲೇ ನಿಂತುಬಿಡುತ್ತೆ, ಹಿಂದಿನ ಸದ್ದು ಮಾತ್ರ ಗರ್‍ರ್ ಅಂತಿರುತ್ತೆ. ಗ್ರಾಫಿಕ್ಸ್ ಕಾರ್ಡ್ ಮೇಲೆ ಅನುಮಾನ ಪಡಬಹುದು. ಮೂರು, ನೀಲಿ ಪರದೆ. ಇಲ್ಲಿ ವಿಂಡೋಸಿಗೆ ಕಡೇ ಮಾತು ಹೇಳುವಷ್ಟು ಉಸಿರಾದರೂ ಇರುತ್ತೆ. ನಾಲ್ಕನೆಯದು, ಹೇಳದೆ ಕೇಳದೆ ಫಕ್ಕಂತ ಆರಿ, ತಾನೇ ಮತ್ತೆ ಶುರುವಾಗೋದು. ಇದು ಬಹಳ ಸಲ ವಿದ್ಯುತ್ತಿನ ಸಮಸ್ಯೆ.

ದಾವಣಗೆರೆಯಲ್ಲಿರೋ ನಮ್ಮ ಚಿಕ್ಕಪ್ಪನ ಮಗನ ಕಂಪ್ಯೂಟರಿಗೆ ಬಂದದ್ದು ಈ ನಾಲ್ಕನೇ ಬಗೆ. 2023ರ ಮಾತು. ಹುಡುಗ ಮದುವೆ ವಿಡಿಯೋ ಎಡಿಟ್ ಮಾಡಿಕೊಟ್ಟು, ಎರಡು ವರ್ಷ ದುಡ್ಡು ಕೂಡಿಟ್ಟು ಕಟ್ಟಿಸಿದ ಮೆಷಿನ್ ಅದು. ರೈಜನ್ 5 5600ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 3060 ಟಿಐ ಕಾರ್ಡ್. ರಾತ್ರಿ ಎಡಿಟಿಂಗ್ ಮಾಡಿದರೆ ಏನೂ ತೊಂದರೆ ಇಲ್ಲ. ಸಂಜೆ ಸೈಬರ್‌ಪಂಕ್ 2077 ಹಾಕಿದರೆ ಅರ್ಧ ಗಂಟೆಗೋ ಒಂದು ಗಂಟೆಗೋ ಫಕ್.

ಇದರಿಂದ ಮನೆಯಲ್ಲಿ ಎಲ್ಲರೂ ಒಂದು ತೀರ್ಮಾನಕ್ಕೆ ಬಂದಿದ್ದರು. "ಕೆಲಸ ಮಾಡಿದರೆ ಸರಿಯಾಗಿರುತ್ತೆ, ಆಟ ಆಡಿದರೆ ಕೆಡುತ್ತೆ. ದೇವರೇ ಬುದ್ಧಿ ಹೇಳ್ತಿದಾನೆ ಅವನಿಗೆ" ಅಂತ ಚಿಕ್ಕಪ್ಪ. ತಮ್ಮ ವಿಂಡೋಸನ್ನು ಎರಡು ಸಲ ಹೊಸದಾಗಿ ಹಾಕಿದ್ದ, ಡ್ರೈವರ್ ಬದಲಿಸಿದ್ದ, ಪ್ರೊಸೆಸರಿಗೆ ಥರ್ಮಲ್ ಪೇಸ್ಟ್ ಹಚ್ಚಿದ್ದ. ಅಂಗಡಿಗೆ ಹೊತ್ತುಕೊಂಡು ಹೋದರೆ ಅಲ್ಲಿ ಎರಡು ಗಂಟೆ ಗೇಮ್ ಓಡಿಸಿದರೂ ಸಾಯಲಿಲ್ಲ. ಆದರೂ ಅಂಗಡಿಯವರು "ಗ್ರಾಫಿಕ್ಸ್ ಕಾರ್ಡ್ ವೀಕ್ ಆಗಿದೆ, ಚೇಂಜ್ ಮಾಡಿ" ಅಂದರು. ಸುಮಾರು ಮೂವತ್ತು ಸಾವಿರದ ಮಾತು. ಅಷ್ಟು ಕೇಳಿದ್ದೇ ತಡ, ಬಂದಷ್ಟಕ್ಕೆ ಎಲ್ಲಾ ಮಾರಿಬಿಡು ಅಂತ ಚಿಕ್ಕಪ್ಪ ಪಟ್ಟು ಹಿಡಿದರು. ಹುಡುಗನಿಗೆ ಗೇಮ್ ಹೋಗೋದಕ್ಕಿಂತ ತಾನು ದುಡಿದು ತಂದದ್ದು ದಂಡ ಅನ್ನಿಸಿಕೊಳ್ಳೋದೇ ದೊಡ್ಡ ಸಂಕಟ. "ಅಣ್ಣ, ಮಾರೋ ಮುಂಚೆ ನೀನೊಂದ್ಸಲ ಬಂದು ನೋಡು" ಅಂತ ಫೋನ್ ಮಾಡಿದ. ಶನಿವಾರ ಹೋದೆ.

ಇಂಥದ್ದರಲ್ಲಿ ಒಂದು ನಿಯಮ ಇದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೂರು ಬದಲಿಸಿ ಸರಿಹೋದರೂ ಕಾರಣ ಯಾವುದು ಅಂತ ಗೊತ್ತಾಗೋಲ್ಲ, ಸರಿಹೋಗದಿದ್ದರೆ ಅದೂ ಗೊತ್ತಾಗೋಲ್ಲ.

ಮೊದಲು ಬಿಸಿ ನೋಡಿದೆವು. ಎಚ್‌ಡಬ್ಲ್ಯುಇನ್ಫೋ ಅನ್ನೋ ಪುಕ್ಕಟೆ ತಂತ್ರಾಂಶದಲ್ಲಿ ಎಲ್ಲಾ ಭಾಗಗಳ ಉಷ್ಣಾಂಶ ಕಾಣುತ್ತೆ. ಎಪ್ಪತ್ತೈದು ಡಿಗ್ರಿ ದಾಟಲಿಲ್ಲ. ಇವತ್ತಿನ ಪ್ರೊಸೆಸರುಗಳು ಬಿಸಿಯಾದರೆ ಮೊದಲು ತಾವೇ ವೇಗ ಕಡಿಮೆ ಮಾಡಿಕೊಳ್ಳುತ್ತವೆ, ಒಮ್ಮೆಲೇ ಸಾಯೋದು ಅಪರೂಪ. ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದೆವು, ರ‍್ಯಾಮ್ ಸರಿ ಇತ್ತು. ಈವೆಂಟ್ ವ್ಯೂವರ್ ತೆಗೆದರೆ ಸಾಲಾಗಿ ಕರ್ನಲ್-ಪವರ್ 41. ಇದನ್ನು ನೋಡಿ ಪವರ್ ಸಪ್ಲೈ ಹೋಗಿದೆ ಅಂತ ಜನ ಹೊಸದು ತಂದುಬಿಡುತ್ತಾರೆ. ಅದರ ಅರ್ಥ ಇಷ್ಟೇ: "ನನ್ನನ್ನು ಸರಿಯಾಗಿ ಮುಚ್ಚದೆ ಆರಿಸಿದರು". ಆದರೆ ಅದರೊಳಗೆ ಬಗ್‌ಚೆಕ್ ಕೋಡ್ ಸೊನ್ನೆ ಇತ್ತು. ಅಂದರೆ ವಿಂಡೋಸಿಗೆ ತಾನು ಸಾಯುತ್ತಿರೋದೇ ಗೊತ್ತಾಗಿಲ್ಲ. ಕಾಲ ಕೆಳಗಿನ ಚಾಪೆ ಎಳೆದ ಹಾಗೆ ಕರೆಂಟ್ ಹೋಗಿದೆ.

ಈಗ ತಮ್ಮನಿಗೆ ಕೇಳಿದೆ: "ಆಫ್ ಆದಾಗ ಮಾನಿಟರ್ ಏನು ಮಾಡುತ್ತೆ?"

ಅದನ್ನು ಯಾರೂ ನೋಡಿರಲಿಲ್ಲ. ಕಂಪ್ಯೂಟರ್ ಒಂದೇ ಆರಿದರೆ ಮಾನಿಟರ್ ಬದುಕಿದ್ದು "ನೋ ಸಿಗ್ನಲ್" ಅನ್ನಬೇಕು. ಮಾನಿಟರಿನ ದೀಪವೂ ಆರಿ, ಅದು ತನ್ನ ಕಂಪನಿಯ ಹೆಸರು ತೋರಿಸಿಕೊಂಡು ಮತ್ತೆ ಎದ್ದರೆ ತಪ್ಪು ಡಬ್ಬದ ಒಳಗಿಲ್ಲ, ಹೊರಗಿದೆ. ಭಾನುವಾರ ಸಂಜೆ ಅವನು ಆಡುತ್ತಾ ಕೂತ, ನಾನು ಮಾನಿಟರಿನ ಪುಟ್ಟ ದೀಪವನ್ನೇ ನೋಡುತ್ತಾ ಕೂತೆ. ಏಳು ಗಂಟೆಗೆ ಸರಿಯಾಗಿ ಫಕ್. ಮಾನಿಟರೂ ಆರಿತು, ಕಂಪನಿಯ ಹೆಸರು ಬಂತು.

ಅಡುಗೆಮನೆಯಿಂದ ಚಿಕ್ಕಮ್ಮ ಅಂದರು, "ಹೋಯ್ತಾ ಮತ್ತೆ? ಆ ಡಬ್ಬಿ ಕುಯ್ಯೋ ಅಂದ ಕೂಡಲೇ ಅಂದ್ಕೊಂಡೆ. ಮೋಟರ್ ಹಾಕಿದಾಗಲೆಲ್ಲ ಅದರದ್ದು ಇದೇ ಗೋಳು."

ಆ ಡಬ್ಬಿ ಅಂದರೆ ಮೇಜಿನ ಕೆಳಗಿದ್ದ ಯುಪಿಎಸ್. ತಮ್ಮನ ಕಿವಿಗೆ ಹೆಡ್‌ಫೋನ್, ಅವನಿಗೆ ಕೇಳಿಸುತ್ತಿರಲಿಲ್ಲ. ಕೇಳಿಸುತ್ತಿದ್ದ ಚಿಕ್ಕಮ್ಮನನ್ನು ಯಾರೂ ಕೇಳಿರಲಿಲ್ಲ!

ಲೆಕ್ಕ ಹಾಕೋಣ. 600 ವಿಎ ಯುಪಿಎಸ್, ಅದರ ಮೇಲೇ ಬರೆದಿತ್ತು 360 ವ್ಯಾಟ್ ಅಂತ. ಗ್ರಾಫಿಕ್ಸ್ ಕಾರ್ಡ್ ಪೂರ್ತಿ ದುಡಿದರೆ 200 ವ್ಯಾಟ್. ಪ್ರೊಸೆಸರ್ 76. ಬೋರ್ಡು, ಫ್ಯಾನು, ಡಿಸ್ಕು ಸೇರಿ ಐವತ್ತು ಅನ್ನಿ. ಪವರ್ ಸಪ್ಲೈ ಒಳಗೆ ಬಿಸಿಯಾಗಿ ಹೋಗೋದು ನಲವತ್ತು, ಮಾನಿಟರಿಗೆ ಮೂವತ್ತು. ಹತ್ತಿರ ಹತ್ತಿರ 400. ಕರೆಂಟ್ ಇರುವಾಗ ಇಂಥ ಯುಪಿಎಸ್ ಗೋಡೆಯ ಕರೆಂಟನ್ನೇ ದಾಟಿಸುತ್ತೆ, ಹಾಗಾಗಿ ನಡೆದುಹೋಗುತ್ತೆ. ಸಂಪಿನ ಮೋಟರ್ ಶುರುವಾಗುವಾಗ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತೆ, ಮನೆಯ ದೀಪ ಒಂದು ಕ್ಷಣ ಮಂಕಾಗುತ್ತೆ. ವೋಲ್ಟೇಜ್ ಇಳಿಯಿತು ಅಂತ ಯುಪಿಎಸ್ ತಟ್ಟನೆ ಬ್ಯಾಟರಿಗೆ ಹಾರುತ್ತೆ. ಬ್ರೌಸಿಂಗ್ ಮಾಡುತ್ತಿದ್ದರೆ ನೂರು ವ್ಯಾಟ್, ತಡೆಯುತ್ತೆ. ಗೇಮ್ ನಡೆಯುತ್ತಿದ್ದರೆ 400, ಹಳೇ ಬ್ಯಾಟರಿ ಮಂಡಿಯೂರುತ್ತೆ. ಅಷ್ಟರಲ್ಲಿ ವೋಲ್ಟೇಜ್ ಮೇಲೇರಿ ಕಂಪ್ಯೂಟರ್ ತಾನೇ ಮತ್ತೆ ಶುರು. ತಡರಾತ್ರಿಯ ಎಡಿಟಿಂಗಿಗೆ ಮೋಟರ್ ಕಾಟ ಇಲ್ಲ. ಅಂಗಡಿಯಲ್ಲಿ ಮೋಟರೂ ಇಲ್ಲ, ಈ ಯುಪಿಎಸ್ಸೂ ಇಲ್ಲ.

ಊಹೆ ಸಾಲದು, ಸಾಬೀತು ಮಾಡಬೇಕಲ್ಲ. ಯುಪಿಎಸ್ ಬಿಟ್ಟು ಅರ್ಥಿಂಗ್ ಇರುವ ಗೋಡೆಯ ಸಾಕೆಟ್ಟಿಗೆ ನೇರ ಹಾಕಿದೆವು. ಗೇಮ್ ಓಡುತ್ತಿರುವಾಗ ಚಿಕ್ಕಮ್ಮ ಐದು ಸಲ ಮೋಟರ್ ಹಾಕಿ ತೆಗೆದರು. ಏನೂ ಆಗಲಿಲ್ಲ! ಕಂಪ್ಯೂಟರಿನ ಪವರ್ ಸಪ್ಲೈ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿತ್ತು, ಈ ಚೂರು ಇಳಿತ ಅದಕ್ಕೆ ಲೆಕ್ಕಕ್ಕೇ ಇಲ್ಲ. ಮತ್ತೆ ಯುಪಿಎಸ್ಸಿಗೆ ಹಾಕಿದೆವು. ಎರಡನೇ ಸಲ ಮೋಟರ್ ಹಾಕುತ್ತಿದ್ದಂತೆ ಫಕ್. ಕಾಪಾಡಲಿ ಅಂತ ತಂದಿಟ್ಟದ್ದೇ ಕೊಲ್ಲುತ್ತಿತ್ತು.

ಲಕ್ಷಣ ಕಾಣುವ ಜಾಗವೇ ರೋಗದ ಜಾಗ ಆಗಿರಬೇಕಿಲ್ಲ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳ ವಿಷಯದಲ್ಲೂ ಹೀಗೇ ಆಯಿತು. ಗೇಮ್‌ಗಳು "ವಿಡಿಯೋ ಮೆಮೊರಿ ಸಾಲದು" ಅಂತ ಸಾಯುತ್ತಿದ್ದವು. ಓದಿದವರಿಗೆ ಗ್ರಾಫಿಕ್ಸ್ ಕಾರ್ಡ್ ಮೇಲೇ ಅನುಮಾನ. ಕಡೆಗೆ ನೋಡಿದರೆ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಪಡೆದು ಪ್ರೊಸೆಸರೇ ಸವೆದಿತ್ತು. ಕಂಪನಿ ಮೈಕ್ರೋಕೋಡ್ ತಿದ್ದುಪಡಿ ಕೊಟ್ಟು ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು.

ತಮ್ಮ 1000 ವಿಎ, 600 ವ್ಯಾಟಿನ ಯುಪಿಎಸ್ ತಂದ. ಗ್ರಾಫಿಕ್ಸ್ ಕಾರ್ಡಿನ ಬೆಲೆಯ ಕಾಲು ಭಾಗವೂ ಆಗಲಿಲ್ಲ. ಹಳೆಯದು ಈಗ ಮನೆಯ ರೌಟರಿಗೆ. ನೀವು ಯುಪಿಎಸ್ ಕೊಳ್ಳುವಾಗಲೂ ವಿಎ ನೋಡಬೇಡಿ, ವ್ಯಾಟ್ ನೋಡಿ. ನಿಮ್ಮ ಲೆಕ್ಕಕ್ಕಿಂತ ಅರ್ಧದಷ್ಟು ಹೆಚ್ಚೇ ಇರಲಿ.

ಚಿಕ್ಕಪ್ಪ ಮಾರೋ ಮಾತು ಬಿಟ್ಟರು. ಆದರೆ ಸೋತೆ ಅಂತ ಒಪ್ಪಿಕೊಳ್ಳೋ ಪೈಕಿ ಅಲ್ಲ. "ನೋಡಪ್ಪ, ಮೋಟರಿಂದ ಆಯ್ತು ಅಂತ ಅವನ ಮುಂದೆ ಹೇಳಬೇಡ. ನಾಳೆಯಿಂದ ಸಂಜೆ ನೀರೇ ಹತ್ತಿಸೋಕೆ ಬಿಡಲ್ಲ" ಅಂದರು :)